ಬೆಂಚಿಲ್ಲದ ಕೋಣೆಯ ಸಿಸ್ಟರ್

ಸಿಸ್ಟರ್ ತೊಡುತ್ತಿದ್ದ ಬಿಳಿ ನಿಲುವಂಗಿಯಲ್ಲಿ ಎರಡೂ ಮೊಣಕಾಲಿನ ಜಾಗ ಸದಾ ಕೆಂಪಾಗಿರುತ್ತಿತ್ತು. ಎಷ್ಟು ಒಗೆದರೂ ಹೋಗದ ಮಣ್ಣಿನ ಕಲೆ. ದೇವರ ಮುಂದೆ ಮಂಡಿಯೂರಿ ಹಾಗಾಗಿದೆ ಎಂದು ಕೆಂಪಾಪುರದ ನಾವೆಲ್ಲ ನಂಬಿದ್ದೆವು. ಆಮೇಲೆ ಕಂಡೆ, ಚಿಕ್ಕ ಮಕ್ಕಳ ಜೊತೆ ಮಾತಾಡುವಾಗಲೆಲ್ಲ ಅವರು ಅಂಗಳದಲ್ಲೇ ಮಂಡಿಯೂರುತ್ತಿದ್ದರು. ಮಗುವಿನ ಮುಖಕ್ಕೆ ತಮ್ಮ ಮುಖ ಸಮನಾಗಬೇಕು, ಅಷ್ಟೇ. ದೊಡ್ಡವರ ಜೊತೆ ಮಾತಾಡುವಾಗ ಮಾತ್ರ ಆಗಾಗ ಗಡಿಯಾರ ನೋಡುತ್ತಿದ್ದರು.

ಅವರು ನಿಮ್ಮ ಅಮ್ಮ, ಅಂದರೆ ನನ್ನ ಮಗಳು, ಓದಿದ ಕಾನ್ವೆಂಟಿನ ಮುಖ್ಯಸ್ಥೆ, ಮಂಗಳೂರಿನ ಕಡೆಯವರು. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಮದುವೆಯಾಗಿ ಬಂದವಳು. ಶಾಲೆ ಎಂದರೆ ನನಗೆ ಬೆತ್ತ, ಬಾಯಿಪಾಠ, ಮೇಷ್ಟ್ರ ಕೆಮ್ಮು. ಕಾನ್ವೆಂಟಿನ ಗೇಟು ದಾಟಲೂ ನಾಚಿಕೆಯಾಗುತ್ತಿತ್ತು.

ನಿಮ್ಮ ಅಮ್ಮ ಮೂರನೆಯ ತರಗತಿಯಲ್ಲಿದ್ದಾಗ, ಶಾಲೆಯ ಹಿಂದೆ ದ್ರಾಕ್ಷಿ ತೋಟದವರು ಬಿಟ್ಟುಹೋಗಿದ್ದ ಹಳೆಯ ಶೆಡ್ಡಿಗೆ ಸಿಸ್ಟರ್ ಸುಣ್ಣ ಹೊಡೆಸಿ ಹೊಸ ಕೋಣೆ ಮಾಡಿದರು. ಬೆಂಚಿಲ್ಲ, ಕರಿಹಲಗೆಯಿಲ್ಲ, ಟೀಚರಿಗೆ ಕುರ್ಚಿಯೂ ಇಲ್ಲ. ನೆಲಕ್ಕೆ ಚಾಪೆ, ಗೋಡೆಯುದ್ದಕ್ಕೂ ಗಿಡ್ಡ ಕಪಾಟುಗಳು, ಅವುಗಳಲ್ಲಿ ಪುಸ್ತಕ, ತಕ್ಕಡಿ, ಬೀಜ, ಕಪ್ಪೆಚಿಪ್ಪು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಬೇಕಾದ್ದನ್ನು ತೆಗೆದುಕೊಂಡು ಸದ್ದಿಲ್ಲದೆ ಕೂರಬೇಕು.

ನಮ್ಮತ್ತೆಗೆ ಸಿಟ್ಟು ಬಂತು. "ಬೆಂಚಿನ್ ಮ್ಯಾಲೆ ಕೂರ್ಲಿ ಅಂತ ಕಾನ್ವೆಂಟ್‌ಗೆ ಆಕಿದ್ರೆ ಚಾಪೆ ಮ್ಯಾಲೆ ಕೂರುಸ್ತಾರಂತಲ್ಲೇ! ಚಾಪೆ ನಮ್ಮನೇಲಿಲ್ವಾ?"

ಆ ವಾರವೇ ಇನ್ನೊಂದು ನಡೆಯಿತು. ಸಂಜೆ ನಾನು ದೀಪ ಹಚ್ಚುವಾಗ ನಿಮ್ಮ ಅಮ್ಮ ಎದುರಿಗೆ ಕೂತು ಆ ಜ್ವಾಲೆಯನ್ನೇ ನೋಡುತ್ತಾ ಇದ್ದುಬಿಟ್ಟಳು. ಶ್ಲೋಕ ಹೇಳು ಎಂದರೂ ಕೇಳಿಸಿಕೊಳ್ಳಲಿಲ್ಲ. ಅತ್ತೆ ಎದೆ ಬಡಿದುಕೊಂಡರು. "ಮುಗೀತು ಕಣಪ್ಪಾ, ಮಗೀನ ಅವ್ರ ಮತುಕ್ಕೆ ಸೇರುಸ್ಕೊಂಬುಟ್ರು!"

ನಿಮ್ಮ ತಾತ ಫ್ಯಾಕ್ಟರಿಯಿಂದ ಆಗ ತಾನೇ ಬಂದಿದ್ದರು. "ಸ್ಕೂಲ್ ಬಿಡ್ಸೋಣ ಬಿಡಮ್ಮ," ಎಂದವರು ನನ್ನ ಮುಖ ನೋಡಿ, "ನೀನೊಂದ್ಸಲ ಹೋಗಿ ನೋಡ್ಕೊಂಡ್ ಬಾ. ದೇವ್ರ ಮನೆ ಥರ ಇದ್ರೆ ನಾಳೇನೇ ಬಿಡ್ಸೋದು," ಎಂದರು.

ನನಗೆ ನಿದ್ದೆ ಬರಲಿಲ್ಲ. ಬಿಡಿಸಿದರೆ ಓದು ಹೋಗುತ್ತದೆ, ಬಿಡಿಸದಿದ್ದರೆ ದೇವರು ಹೋಗುತ್ತಾನೆ.

ಮರುದಿನ ಹೋದೆ. ಬಾಗಿಲ ಮೇಲೆ ಸಣ್ಣದೊಂದು ಮರದ ಶಿಲುಬೆ ಇತ್ತು. ಒಳಗೆ ಅರೆಗತ್ತಲು. ನಾಲ್ಕಾರು ಮಕ್ಕಳು ಒಂದು ಮಣೆಯ ಸುತ್ತ ಮಾತಿಲ್ಲದೆ ಕೂತಿದ್ದರು. ಮಣೆಯ ಮೇಲೆ ಏನೋ ದುಂಡಗಿನದು. ಬೇರೆ ಮತದ್ದಾದರೂ ದೇವರು ದೇವರೇ, ಬರಿಗೈಲಿ ನಿಲ್ಲಬಾರದು ಎಂದುಕೊಂಡು ಮುಡಿಯಲ್ಲಿದ್ದ ಕನಕಾಂಬರ ತೆಗೆದು ಅದರ ಮುಂದಿಟ್ಟು ಕೈಮುಗಿದೆ. ಒಬ್ಬ ಹುಡುಗಿ ಕಿಸಕ್ಕೆಂದಳು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಅದು ಭೂಗೋಳ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೂಲೆಯಲ್ಲಿದ್ದ ಸಿಸ್ಟರ್ ಹತ್ತಿರ ಬಂದರು, ಆದರೆ ಹೂವನ್ನು ತೆಗೆಯಲಿಲ್ಲ. "ಇರಲಿ ಅಮ್ಮ. ಭೂಮಿಗೆ ಹೂವಿಟ್ಟರೆ ತಪ್ಪೆಂತ ಉಂಟು?" ಎಂದರು.

ಧೈರ್ಯ ಮಾಡಿ ಕೇಳಿದೆ. "ಸಿಸ್ಟರ್, ಇದು ಪಾಠದ್ ಮನೇನಾ, ದೇವ್ರ ಮನೇನಾ?"

ಅವರು ಗಡಿಯಾರ ನೋಡಲಿಲ್ಲ. "ಮಗು ಒಂದು ವಸ್ತುವನ್ನು ಮನಸ್ಸಿಟ್ಟು ನೋಡಿದರೆ ನಾನು ಅದನ್ನು ಪ್ರಾರ್ಥನೆ ಅಂತ ಹೇಳ್ತೇನೆ. ನೀವು ಓದು ಅಂತ ಹೇಳಿ. ಯಾವುದು ಸರಿ ಅಂತ ನನಗೂ ಗೊತ್ತಿಲ್ಲ ಮಾರಾಯ್ತಿ."

"ಮನೇಲಿ ಏನ್ ಹೇಳ್ಲಿ?"

"ಕಂಡದ್ದನ್ನು ಹೇಳಿ. ಹೆಚ್ಚೂ ಬೇಡ, ಕಮ್ಮಿಯೂ ಬೇಡ."

ಮುಖ್ಯಸ್ಥೆಗೇ ಗೊತ್ತಿಲ್ಲವೆಂದರೆ ನಾನೇನು ಮಾಡಲಿ? ಶಿಲುಬೆಯ ಮಾತು ಎತ್ತಿದರೆ ಮಗಳ ಓದು ನಿಲ್ಲುತ್ತದೆಂದು ದಾರಿಯುದ್ದಕ್ಕೂ ಹೆದರಿದೆ. ಆದರೂ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಶಿಲುಬೆ, ಭೂಗೋಳ, ನನ್ನ ಹೂವು ಸಹಿತ. ನಿಮ್ಮ ತಾತ ನಕ್ಕರು. ಅತ್ತೆ ನಗಲಿಲ್ಲ. "ನಾನೇ ಓಗಿ ನೋಡ್ತೀನಿ," ಎಂದರು.

ಮರುದಿನ ಮಧ್ಯಾಹ್ನ ಹೋದವರು ಸ್ಕೂಲು ಬಿಡುವ ಹೊತ್ತಿಗೆ ಮೊಮ್ಮಗಳ ಕೈಹಿಡಿದು ಬಂದರು. "ಬೆತ್ತ ಇಲ್ಲ, ಬೈಗುಳ ಇಲ್ಲ, ಆದ್ರೂ ಒಂದ್ ಮಗೂನೂ ಗಲಾಟೆ ಮಾಡಾಕಿಲ್ಲ. ಏನೋ ಮಂತ್ರ ಆಕವ್ಳೆ ಅವ್ಳು. ನಂಗೂ ಕೂತಿದ್ದೇ ಗೊತ್ತಾಗ್ಲಿಲ್ಲ," ಎಂದು ಕಾಲು ಚಾಚಿ ಕೂತರು. ಶಾಲೆ ಬಿಡಿಸುವ ಮಾತು ಮತ್ತೆ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಸಿಸ್ಟರಿಗೆ ವರ್ಗವಾಯಿತು. ಕೋಣೆಗೆ ಬೆಂಚುಗಳು ಬಂದವು. ಈಗ ಶಾಲೆ ಶಾಲೆಯಂತಾಯಿತು ಎಂದು ಊರವರು ಸಮಾಧಾನಪಟ್ಟರು. ನಿಜ ಹೇಳಬೇಕೆಂದರೆ ನನಗೂ ಅರ್ಧ ಸಮಾಧಾನ, ಅರ್ಧ ಸಂಕಟ.

ನಿಮ್ಮ ಅಮ್ಮ ಪಿಯುಸಿ ಓದುವಾಗ, ಸಿಸ್ಟರ್ ದೂರದಲ್ಲಿ ಸಿಸ್ಟರುಗಳಿರುವ ಮಠವೊಂದರಲ್ಲಿ ತೀರಿಕೊಂಡರೆಂದು ತಿಳಿಯಿತು. ಸಂಜೆ ದೀಪ ಹಚ್ಚಿದೆ. ಯಾವ ದೇವರಿಗೆ ಏನೆಂದು ಹೇಳುವುದು? ಅವರಿಗೆ ನಮ್ಮ ಶ್ಲೋಕ ಸಲ್ಲುತ್ತದೋ ಇಲ್ಲವೋ, ಅವರ ಪ್ರಾರ್ಥನೆ ನನಗೆ ಬಾರದು. ಸುಮ್ಮನೆ ಕೂತೆ. ನಿಮ್ಮ ಅಮ್ಮ ಬಂದು ಪಕ್ಕದಲ್ಲಿ ಕೂತಳು.

"ಏನಮ್ಮ ಮಾಡ್ತಿದ್ದೀಯಾ?"

"ಗೊತ್ತಿಲ್ಲ ಕಣೇ," ಎಂದೆ.

ಅವಳು ಜ್ವಾಲೆಯ ಕಡೆ ತಿರುಗಿದಳು. ಎಣ್ಣೆ ತೀರುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.