ಹಾಲಿನಲ್ಲಿ ಕಂಡ ಚುಕ್ಕೆ

ಶರಣು, ಆ ಚಿತ್ರ ಸುಳ್ಳು. ಕೋಳಿ ಮಾಂಸದೊಳಗೆ ಹೊಳೆದ ಚುಕ್ಕೆ ಎಂದು ನಾನು ತೋರಿಸಿದ್ದು, ನೀನು ನಿನ್ನ ಮೇಜಿನೆದುರು ಗೋಡೆಗೆ ಅಂಟಿಸಿಕೊಂಡದ್ದು — ಅದು ಮಾಂಸದ ಚಿತ್ರವೇ ಅಲ್ಲ. ಹಾಲಿನದು.

ಮೊಬೈಲು ಆಗತಾನೇ ನಮ್ಮ ಕಡೆ ಬಂದಿದ್ದ ಕಾಲ. ಸೇಡಂನ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದ್ದೆ. ಹೊಳೆಯುವ ಬಣ್ಣ ತುಂಬಿದ ಸಣ್ಣ ಗಾಜಿನ ನಳಿಗೆಯನ್ನು ಮಾಂಸದ ಆಳದಲ್ಲಿಟ್ಟು, ಹೊರಗಿನಿಂದ ಲೇಸರ್ ಬಿಡಬೇಕು. ಮಾಂಸದಲ್ಲಿ ಬೆಳಕು ನೆಟ್ಟಗೆ ಬರುವುದಿಲ್ಲ, ದಾರಿ ತಪ್ಪಿ ಚೆಲ್ಲಾಪಿಲ್ಲಿಯಾಗುತ್ತದೆ. ಹೊರಗೆ ಬಂದ ಆ ಮಬ್ಬಿನಿಂದಲೇ ನಳಿಗೆ ಎಲ್ಲಿದೆ ಎಂದು ಲೆಕ್ಕ ಹಾಕಿ ಚಿತ್ರ ತೆಗೆಯಬೇಕು. ಮುಂದೊಂದು ದಿನ ಕೊಯ್ಯದೆಯೇ ಗಡ್ಡೆ ಪತ್ತೆ ಮಾಡಬಹುದು ಎಂದು ನಮ್ಮ ಸರ್ ಹೇಳುತ್ತಿದ್ದರು.

ನಮ್ಮದು ಚಿತ್ತಾಪುರದ ಪೂಜೆಯ ಮನೆ, ಮಡಿಯಲ್ಲಿ ಬೆಳೆದವಳು. ಮೊದಲ ದಿನ ಆ ತಣ್ಣನೆಯ ತುಂಡಿನ ಮೇಲೆ ಬೆರಳಿಟ್ಟವಳು ಹೊರಗೆ ಓಡಿ ನಲ್ಲಿಯಡಿ ಕೈ ತೊಳೆದುಕೊಂಡೆ. ಸರ್‌ಗೆ ಹೇಳಬಹುದಿತ್ತು. ಹೇಳಿದರೆ, ನಿಮ್ಮಂಥವರಿಗೆ ಇದೆಲ್ಲ ಯಾಕವ್ವ ಎಂದು ಬಿಡಿಸಿಬಿಟ್ಟರೆ... ಮಾಂಸದ ಬದಲು ಹಾಲು ತಂದು, ಅದು ಹೆಪ್ಪುಗಟ್ಟಲೆಂದು ಚೈನಾ ಗ್ರಾಸ್ ಹಾಕಿ ಕಾಯಿಸಿ, ಗಟ್ಟಿಯಾಗುವಾಗ ಅದರೊಳಗೆ ನಳಿಗೆ ಇಟ್ಟೆ. ಹಾಲಿನಲ್ಲೂ ಬೆಳಕು ಚೆದರುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ. ನೀರು ಹೆಚ್ಚು ಬೆರೆಸಿದರೆ ಇನ್ನೂ ಸಲೀಸು. ಬೆರೆಸಿದೆ. ಚುಕ್ಕೆ ಸ್ಪಷ್ಟವಾಗಿ ಬಂತು. ಚಿತ್ರದ ಕೆಳಗೆ ಕೋಳಿ ಮಾಂಸ ಎಂದು ಬರೆದೆ. ಪದವಿ ಸಿಕ್ಕಿತು, ಅಲ್ಲೇ ನೌಕರಿಯೂ.

ಆಮೇಲೆ ಅದೇ ಸಂಶೋಧನೆ ಮುಂದುವರಿಸಲು ನೀನು ಬಂದೆ. ಕೊರಳಲ್ಲಿ ಲಿಂಗ, ಮೊಟ್ಟೆಯನ್ನೂ ಒಳಗೆ ಬಿಡದ ಮನೆ ನಿಮ್ಮದು. ನೀನು ಶಹಾಬಾದಿನಿಂದ ಹೊರಟು, ವಾಡಿಯಲ್ಲಿ ರೈಲು ಬದಲಿಸುವಾಗ ಸ್ಟೇಷನ್ ಹಿಂದಿನ ಅಂಗಡಿಯಲ್ಲಿ ಮಾಂಸ ಕೊಂಡು ಸ್ಟೀಲಿನ ಡಬ್ಬಿಯಲ್ಲಿ ತರುತ್ತಿದ್ದೆ. ಪರಿಚಯದವರು ಕಂಡಾರೆಂದು ಬೋಗಿಯ ಬಾಗಿಲಲ್ಲೇ ನಿಂತು ಬರುತ್ತೇನೆ ಎಂದು ನೀನೇ ನಗುತ್ತ ಹೇಳಿದ್ದೆ. ಮನೆಗೆ ಮರಳಿದರೆ ಸ್ನಾನ ಮಾಡದೆ ನಿಮ್ಮವ್ವನ ಮುಂದೆ ಹೋಗುತ್ತಿರಲಿಲ್ಲವಂತೆ. ನನ್ನ ಚಿತ್ರ ನಂಬಿ ಇಷ್ಟೆಲ್ಲ. ನಿನಗೆ ಮಬ್ಬು ಬಿಟ್ಟು ಬೇರೇನೂ ಬರಲಿಲ್ಲ.

ಒಂದು ಮಧ್ಯಾಹ್ನ ನೀನು ಕೇಳಿದೆ. "ಅಕ್ಕಾರೆ, ತಪ್ಪು ತಿಳೀಬ್ಯಾಡ್ರಿ. ಇಷ್ಟು ಆಳದಾಗ ನಿಮಗ ಖರೇನ ಕಂಡಿತ್ತೇನ್ರಿ? ನಾ ಎಲ್ಲಿ ತಪ್ಪಾಕತ್ತೀನಿ, ತಿಳೀವಲ್ದು."

ನನಗೆ ಹೊಳೆದದ್ದು ಒಂದೇ: ಇವನಿಗೆ ಗೊತ್ತಾಗಿದೆ, ಸರ್‌ಗೆ ಹೇಳುತ್ತಾನೆ, ನೌಕರಿ ಹೋಗುತ್ತದೆ, ಅಪ್ಪನಿಗೆ ಏನೆಂದು —

"ಖರೇನ ಕಂಡಿತ್ತು," ಎಂದೆ. "ನಿನ್ನ ಕೈ ಇನ್ನಾ ಪಳಗಿಲ್ಲ ಶರಣು."

ನೀನು ನಂಬಿದೆ. ಕೆಲವು ತಿಂಗಳ ಮೇಲೆ ಸರ್ ಎಲ್ಲರ ಮುಂದೆ ನಿನ್ನನ್ನು ಕೇಳಿದರು. "ಅಕಿಗಿ ಕಂಡಿದ್ದು ನಿನಗ್ಯಾಕ ಕಾಣವಲ್ದು? ನಿನ್ನ ಕೈಲಿ ಆಗಂಗಿಲ್ಲ, ಬಿಡು." ನಾನು ಅಲ್ಲೇ ಇದ್ದೆ. ಲೇಸರ್ ಮೇಲಿನ ಧೂಳು ಒರೆಸುತ್ತಿದ್ದೆ. ನೀನು ಬಿಟ್ಟು ಹೋದೆ. ಈಗ ನಿಮ್ಮ ಮಾವನ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿಯಲ್ಲಿ ಇದ್ದೀಯಂತೆ. ಓದಿನ ಮಾತೆತ್ತಿದರೆ, ನನಗೆ ಅಷ್ಟು ಬುದ್ಧಿ ಇರಲಿಲ್ಲ ಎನ್ನುತ್ತೀಯಂತೆ.

ಮಡಿಯವಳ ಹೇಸಿಗೆ ಎಂದುಕೊಂಡು ನೀನು ಕ್ಷಮಿಸಿಬಿಡುತ್ತೀಯೇನೋ. ಬೇಡ. ಹೇಸಿಗೆ ಆ ಒಂದು ದಿನದ್ದು. ಉಳಿದ ಅಷ್ಟೂ ವರ್ಷ ಇದ್ದದ್ದು ಅಂಜಿಕೆ — ಫೋನು ಬಂದರೆ ನಿನ್ನದೇ ಇರಬಹುದೆಂಬ ಅಂಜಿಕೆ, ವಾಡಿಯಲ್ಲಿ ನಿನ್ನಂಥ ಬೆನ್ನು ಕಂಡರೆ ಬೇರೆ ಬೋಗಿ ಹತ್ತುವ ಅಂಜಿಕೆ. ನಿನ್ನೆ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. "ಈಗ್ಯಾಕ ಬೇಕಿತ್ತವ್ವ ಇದು," ಎಂದರು. ನಾಳೆ ಕಾಲೇಜಿನಲ್ಲೂ ಹೇಳುತ್ತೇನೆ. ಏನು ಮಾಡುತ್ತಾರೋ...

ನಿನ್ನ ಕೈ ತಪ್ಪಿರಲಿಲ್ಲ ಶರಣು. ಅಷ್ಟು ಆಳದಲ್ಲಿ, ನಮ್ಮ ಆ ಲೇಸರಿನಲ್ಲಿ, ಯಾರಿಗೂ ಏನೂ ಕಾಣುತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಸರಿಯಾಗಿ ನೋಡಿದವನು ನೀನೊಬ್ಬನೇ.