ಬಿಸಿಯೂಟದ ರುಚಿ ಪುಸ್ತಕ

ನರಸಿಂಹರಾಜಪುರದ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಸುಮಿತ್ರಮ್ಮ ಹದಿನೇಳು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದಾಳೆ. ಅವಳು ಓದುವಾಗ ಮೇಷ್ಟ್ರು ಹುಣಸೆ ಬರಲಿನಲ್ಲಿ ಬಾಸುಂಡೆ ಏಳುವಂತೆ ಬಾರಿಸುತ್ತಿದ್ದರು. ಆ ಹೆದರಿಕೆಗೇ ಅವಳು ಆರನೇ ತರಗತಿಗೆ ಶಾಲೆ ಬಿಟ್ಟಳು. ಮಕ್ಕಳನ್ನು ಹೊಡೆಯುವ ಹಾಗಿಲ್ಲ ಎಂದು ಕಾನೂನು ಬಂದಾಗ ಅವಳಷ್ಟು ಖುಷಿಪಟ್ಟವರು ಯಾರೂ ಇರಲಿಲ್ಲ.

ಈಗ ಬಂದ ಹೊಸ ಹೆಡ್ಮಾಸ್ಟರು ಕೋಲು ಮುಟ್ಟುವವರಲ್ಲ. ತಡವಾಗಿ ಬಂದವರು ಊಟದ ಹೊತ್ತಿನಲ್ಲಿ ಖಾಲಿ ತಟ್ಟೆ ಹಿಡಿದು ನಿಲ್ಲಬೇಕು, ಉಳಿದವರು ಉಂಡೆದ್ದ ಮೇಲೆ ಕೂರಬೇಕು ಎಂದು ನಿಯಮ ಮಾಡಿದರು. ಸೋಮವಾರ ಐದನೇ ತರಗತಿಯ ಮೇಘನ ನಿಂತಳು. ಪಾಸಿನ ಮಕ್ಕಳೆಂದು ಬಸ್ಸಿನವನು ನಿಲ್ಲಿಸದೆ ಹೋಗಿದ್ದ. ಹುಡುಗಿ ಮೂರು ಕಿಲೋಮೀಟರ್ ನಡೆದು ಬಂದಿದ್ದಳು.

ಮೇಷ್ಟ್ರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯದೆ ಮಕ್ಕಳಿಗೆ ಬಡಿಸುವಂತಿಲ್ಲ. ಹೆಡ್ಮಾಸ್ಟರು ಎರಡು ತುತ್ತು ತಿಂದು, ದಿನದಂತೆ ‘ರುಚಿಯಾಗಿದೆ’ ಎಂದು ಬರೆಯಲು ಪೆನ್ನು ತೆಗೆದರು. ಸುಮಿತ್ರಮ್ಮ ಸೌಟು ಹಿಡಿದೇ ಅವರ ಮುಂದೆ ಬಂದು ನಿಂತಳು.

“ಆ ಹುಡುಗೀನ ಕೂರಿಸಿ ಸರ್.”

“ಶಿಸ್ತು ಬೇಡ್ವೇನಮ್ಮ? ನಾನೇನು ಅವಳಿಗೆ ಹೊಡೆದ್ನಾ?”

“ಹೊಡೆದಿದ್ರೆ ಬಾಸುಂಡೆ ಕಾಣ್ತಿತ್ತು, ಅವಳಮ್ಮ ಬಂದು ಕೇಳ್ತಿದ್ಲು. ಇದು ಯಾರಿಗೆ ಕಾಣುತ್ತೆ ಸರ್?”

ಸುಮಿತ್ರಮ್ಮ ಸೌಟನ್ನು ಕೆಳಗಿಟ್ಟು, ಪುಸ್ತಕವನ್ನು ಹೆಡ್ಮಾಸ್ಟರ ಮುಂದಕ್ಕೆ ಸರಿಸಿದಳು.

“ಅದಕ್ಕೆ ಇದ್ರಲ್ಲೇ ಬರೀರಿ. ಅನ್ನ ಬೆಂದಿತ್ತು, ಸಾರು ರುಚಿಯಾಗಿತ್ತು, ಮೂರು ಕಿಲೋಮೀಟರ್ ನಡೆದು ಬಂದ ಮಗು ಖಾಲಿ ತಟ್ಟೆ ಹಿಡ್ಕೊಂಡು ನೋಡ್ತಾ ನಿಂತಿತ್ತು ಅಂತ. ನೀವು ಬರೆದ ಮೇಲೆ ನಾನು ಬಡಿಸ್ತೀನಿ.”