ಶಬ್ದ ಮಾತ್ರ ಬಂದ ಫೈಲು

ಅವತ್ತು ಎಲ್ಲ ಕೆಡತೊಡಗಿದ್ದು ಮಧ್ಯಾಹ್ನ ಮೂರೂವರೆಗೆ. ಮೊನ್ನೆ ದೇವರ ಪಟವೊಂದಕ್ಕೆ ಹೊಸ ಗಾಜು ಹಾಕಿಸಲು ಹೋದಾಗ ಆ ಅಂಗಡಿಯ ಅಂಟಿನ ವಾಸನೆಗೇ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಫೋಟೋಗಳಿಗೆ ಕಟ್ಟು ಹಾಕಿಕೊಡುತ್ತಿದ್ದ ಸ್ಟುಡಿಯೋ ಅಣ್ಣನ ಅಂಗಡಿಯಲ್ಲೂ ಇದೇ ವಾಸನೆ...

ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಮದುವೆಗಳಿಗೆಲ್ಲ ವಿಡಿಯೋ ತೆಗೆಯುತ್ತಿದ್ದವರು ಅವರು. ಮದುವೆಯವರು ನೋಡಿ ಒಪ್ಪುವ ತನಕ ಕ್ಯಾಮೆರಾದ ಕಾರ್ಡನ್ನು ಅಳಿಸುತ್ತಿರಲಿಲ್ಲ, ಯಾರ ಕೈಗೂ ಕೊಡುತ್ತಿರಲಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕುಂಕುಮ ಹಚ್ಚಿ ಅಂಗಡಿಯ ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು.

ಆ ವಾರ ಒಂದು ಬೀಗರೂಟದಲ್ಲಿ, ಹೊಲದ ದಾರಿಯ ಜಗಳಕ್ಕೆ, ಮದುಮಗನ ಚಿಕ್ಕಪ್ಪನನ್ನು ಪಂಕ್ತಿಯಲ್ಲೇ ಮಚ್ಚಿನಿಂದ ಕಡಿದು ಕೊಂದಿದ್ದರು. ಕಡಿದವನು ಯಾರೆಂದು ಉಂಡವರಿಗೆಲ್ಲ ಗೊತ್ತು. ಹೇಳುವವರಿಲ್ಲ. ಅಣ್ಣನ ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು. ಪೊಲೀಸರಿಗೆ ಕೊಡಲು ಪೆನ್‌ಡ್ರೈವಿಗೆ ಹಾಕಿಕೊಡುವುದಾಗಿ ಸತ್ತವನ ಹೆಂಡತಿಗೆ ಮಾತು ಕೊಟ್ಟಿದ್ದರು.

ಆದರೆ ಹೊಸ ಕ್ಯಾಮೆರಾದ ಫೈಲು ಅವರ ಹಳೆಯ ಎಡಿಟಿಂಗ್ ಸಾಫ್ಟ್‌ವೇರಿಗೆ ಒಗ್ಗಲಿಲ್ಲ. ಶಬ್ದ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಕಂಪ್ಯೂಟರ್ ಓದಿದ್ದೇನೆಂದು ನನ್ನನ್ನು ಕರೆಸಿದರು. ಫೈಲನ್ನು ಬದಲಾಯಿಸುವ ದಾರಿ ಹುಡುಕುತ್ತಿದ್ದಾಗಲೇ ಆ ಕೊಲೆಗಾರ ಇನ್ನೊಬ್ಬನ ಜೊತೆ ಒಳಗೆ ಬಂದ. ಜೊತೆಯವನು ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿದ.

"ಏನಣ್ಣೋ, ನಮ್ ಪಿಚ್ಚರ್ ಯಾವಾಗ ರಿಲೀಸು?" ಎಂದ ಕೊಲೆಗಾರ.

"ಚಿತ್ರಾನೇ ಬರ್ತಿಲ್ಲ ಕಣಪ್ಪಾ. ಕಂಪ್ಯೂಟ್ರು ತಗೋತಾನೇ ಇಲ್ಲ. ಬೇಕಾದ್ರೆ ನೀನೇ ನೋಡು."

ಹೇಳಿದ್ದು ನಿಜವೆಂದು ತೋರಿಸುವ ಆತುರದಲ್ಲಿ ಅಣ್ಣ ಫೈಲು ಓಡಿಸಿಬಿಟ್ಟರು. ಪರದೆ ಕಪ್ಪಗಿತ್ತು. ಸ್ಪೀಕರಿನಲ್ಲಿ ಮೊದಲು ಅಣ್ಣನದೇ ದನಿ: "ಈ ಕಡೆ ನೋಡ್ರಪ್ಪಾ, ಒಸಿ ನಗ್ರಿ." ನಗು, ಸಾರಿನ ಬಕೆಟ್ಟಿನ ಸದ್ದು... ಆಮೇಲೆ "ಬ್ಯಾಡ ಕಣೋ ಮಗಾ" ಎಂಬ ಗೋಗರೆತ. ಅದರ ಮೇಲೆ ಈ ಕೊಲೆಗಾರನ ದನಿ: "ದಾರಿ ಬೇಕೇನ್ಲಾ ನಿಂಗೆ? ತಗೋ ದಾರಿ!"

ತನ್ನ ದನಿ ಕೇಳಿ ಅವನು ಬೆಚ್ಚಿದ. ಮರುಕ್ಷಣ ಮೌಸಿನ ಮೇಲಿದ್ದ ಅಣ್ಣನ ಕೈಗೆ ಮಚ್ಚು ಬಿತ್ತು.

"ಕಾರ್ಡೆಲ್ಲೋ?"

"ಕ್ಯಾಮ್ರಾದಾಗೇ ಐತೆ..."

ಅಣ್ಣ ಹೇಳಿದ ಸುಳ್ಳು ಅದೊಂದೇ. ಎರಡನೇ ಏಟು ಕುತ್ತಿಗೆಗೆ ಬಿತ್ತು. ಕಂಪ್ಯೂಟರು, ಕ್ಯಾಮೆರಾ ಎಲ್ಲ ಪುಡಿಯಾದವು. ಚೂರು ಸಿಡಿದು ದೇವರ ಪಟದ ಗಾಜು ಬಿರುಕುಬಿಟ್ಟಿತು, ಪಟ ವಾಲಿತು. ಹೊರಡುತ್ತಿದ್ದವನು ನಿಂತು, ರಕ್ತದ ಕೈಯಲ್ಲೇ ಅದನ್ನು ನೆಟ್ಟಗೆ ಮಾಡಿ ಕಣ್ಣಿಗೊತ್ತಿಕೊಂಡ. ನನ್ನ ಕಡೆ ತಿರುಗಿ, "ಬಾಯ್ಬಿಟ್ರೆ ನೆಕ್ಸ್ಟ್ ನೀನೇ ಗುರು" ಎಂದ.

ಅವರಿಬ್ಬರೂ ಹೋದ ಮೇಲೆ ಅಣ್ಣ ಪಟದ ಕಡೆ ಕಣ್ಣು ತಿರುಗಿಸಿದರು, ಅಷ್ಟೇ. ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋದರು.

ಕಾರ್ಡನ್ನು ನಾನೇ ಪೊಲೀಸರಿಗೆ ಕೊಟ್ಟೆ. ಅವರ ಕಂಪ್ಯೂಟರಿನಲ್ಲಿ ಚಿತ್ರವೂ ಬಂತು. ಆದರೂ ವರ್ಷಗಟ್ಟಲೆ ನನ್ನ ನಿದ್ದೆಯೊಳಗೆ ಶಬ್ದವೇ ಓಡುತ್ತಿತ್ತು. "ಒಸಿ ನಗ್ರಿ" ಎಂಬಲ್ಲಿಗೆ ಎಚ್ಚರವಾಗುತ್ತಿತ್ತು, ಮುಂದೇನು ಕೇಳಿಸುವುದೆಂದು ಗೊತ್ತಿದ್ದರಿಂದ...

ಮೊನ್ನೆ ತೀರ್ಪು ಬಂತು. ಅವನು ಜೈಲಿಗೆ ಹೋದ. ಅಣ್ಣನ ಹೆಂಡತಿ ಆ ಪಟವನ್ನು ತಂದು, "ಇದನ್ನ ಮನೇಲಿ ಇಟ್ಕೊಳಾಕೆ ನನ್ನ ಕೈಲಿ ಆಗಲ್ಲಪ್ಪ" ಎಂದರು. ಗಾಜು ಹಾಕಿಸಿ, ಗೋಡೆಗೆ ನೇತುಹಾಕಿ ಮಲಗಿದೆ.

ಕಣ್ಣು ಬಿಟ್ಟಾಗ ಬೆಳಕಾಗಿತ್ತು. ರಾತ್ರಿ ಏನೂ ಕೇಳಿಸಿರಲಿಲ್ಲ. ಅಣ್ಣನ ದನಿ ಹೇಗಿತ್ತೆಂದು ನೆನೆಯಲು ನೋಡಿದೆ... ತಕ್ಷಣಕ್ಕೆ ಬರಲಿಲ್ಲ.